ಪಾಪುವಿನ ಎಡಗಿವಿ

ಹೋದ ಭಾನುವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ತಂಗಿಯನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬಿಟ್ಟು ಸಂಬಂಧ ಮಾತ್ರ ಉಳಿಸಿಕೊಂಡಿದ್ದೇನೆ. ತಂಗಿಗೆ ದಾವಣಗೆರೆಯಲ್ಲಿ ಹೆರಿಗೆ ಆಯಿತು. ಈಗ ಬಾಣಂತನಕ್ಕೆ ಜಗಳೂರಿನ ತವರಿನಲ್ಲಿದ್ದಾಳೆ. ಹಿರಿಯೂರು ಅತ್ತೆ ಅವಳಿಗೆ ಸೋದರತ್ತೆಯೂ ಹೌದು, ಗಂಡನ ತಾಯಿಯೂ ಹೌದು. ಪುಟ್ಟಿ ನಮ್ಮ ದೊಡ್ಡಪ್ಪನ ಮೊಮ್ಮಗಳು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದುತ್ತಿದ್ದಾಳೆ.

ಹರಿಹರ ಚಿಕ್ಕಪ್ಪ, ಫಾರ್ವರ್ಡ್: ಎಚ್ಚರ!! ಹುಟ್ಟಿದ ಮಗುವಿನ ಕಿವಿಗೆ ಮೆಷಿನ್ ತುರುಕಿ ಶಬ್ದ ಬಿಡುತ್ತಾರೆ. ಎಳೆ ನರ ಹಾಳಾಗುತ್ತದೆ. ಆಮೇಲೆ ಕಿವಿ ಕೇಳಿಸುವುದಿಲ್ಲ ಎಂದು ಹೆದರಿಸಿ ಲಕ್ಷಗಟ್ಟಲೆ ಕೀಳುತ್ತಾರೆ. ಎಲ್ಲ ತಾಯಂದಿರಿಗೂ ಕಳಿಸಿ.

ಹರಿಹರ ಚಿಕ್ಕಪ್ಪ: ನಮ್ಮ ಪಾಪುಗೂ ಇದನ್ನೇ ಅಲ್ವಾ ಮಾಡಿದ್ದು?

ತಂಗಿ: ಹೌದು ಚಿಕ್ಕಪ್ಪ. ಮನೆಗೆ ಕಳಿಸುವ ದಿನ ಮಾಡಿದರು. ಬಲಗಿವಿ ಪಾಸ್. ಎಡಗಿವಿಗೆ ರೆಫರ್ ಎಂದು ಬರೆದಿದ್ದಾರೆ. ತಿಂಗಳು ತುಂಬುವ ಹೊತ್ತಿಗೆ ಮತ್ತೆ ಕರೆತನ್ನಿ ಎಂದಿದ್ದಾರೆ. ಇನ್ನು ಹತ್ತು ದಿನ ಇದೆ.

ಹಿರಿಯೂರು ಅತ್ತೆ: ತಿಂಗಳಿಗೇ ಬಾಣಂತಿ ಹೊಸಿಲು ದಾಟುವುದಾ? ಬೇಡವೇ ಬೇಡ. ಗಾಳಿ ಹೊಡೆದರೆ ಜೀವಮಾನ ಪೂರ್ತಿ ನರಳಬೇಕು. ಮೂರು ತಿಂಗಳು ಆಗಲಿ, ನೋಡೋಣ. ಮೊನ್ನೆ ನಾನು ಬಂದಾಗ ತಟ್ಟೆ ಬಿದ್ದ ಸದ್ದಿಗೆ ಪಾಪು ಬೆಚ್ಚಿಬಿದ್ದಳು. ಕಿವಿ ಚೆನ್ನಾಗಿಯೇ ಇದೆ.

ಅಮ್ಮ: ನನಗೂ ಅದೇ ಯೋಚನೆ. ಹೋಗಿ ಬರಲು ಅರ್ಧ ದಿನ ಬೇಕು. ಎಳೆ ಕೂಸು.

ನಾನು: ಅತ್ತೆ, ತಟ್ಟೆ ಬಿದ್ದರೆ ನನ್ನ ಮಗನೂ ಬೆಚ್ಚುತ್ತಿದ್ದ. ನೆನಪಿದೆಯಾ?

ಹರಿಹರ ಚಿಕ್ಕಪ್ಪ: ನಾನು ಸುಮ್ನೆ ಕಳಿಸಿಲ್ಲ. ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಜೀವ ತೇಯ್ದವರು. ಮಗ್ಗದ ಸದ್ದಿಗೆ ಐವತ್ತಕ್ಕೆಲ್ಲ ಕಿವಿ ಹೋಯಿತು. ನಾವು ಮನೆಯಲ್ಲಿ ಕೂಗಿ ಕೂಗಿ ಮಾತಾಡುತ್ತಿದ್ದೆವು. ಶಬ್ದದಿಂದ ಕಿವಿ ಹೋಗುವುದನ್ನು ಕಣ್ಣಾರೆ ಕಂಡವನು ನಾನು. ಅಷ್ಟು ದೊಡ್ಡವರಿಗೇ ಹಾಗಾದರೆ ಎರಡು ದಿನದ ಕೂಸಿನ ಗತಿ ಏನು?

ಪುಟ್ಟಿ: ಅಜ್ಜ, ಮುತ್ತಜ್ಜನ ವಿಷಯ ನೀವು ಹೇಳಿದ್ದು ಸರಿ. ಆದರೆ ಅದು ದಿನಾ ಎಂಟು ಗಂಟೆ, ಹತ್ತಾರು ವರ್ಷ ಕೇಳಿದ ಸದ್ದು. ಇದು ಕೆಲವೇ ನಿಮಿಷದ ಕೆಲಸ. ಮೆತ್ತನೆಯ ಒಂದು ಚಿಕ್ಕ ಬಿರಡೆಯನ್ನು ಕಿವಿಯ ಬಾಯಿಗೆ ಇಡುತ್ತಾರೆ. ಅದರಿಂದ ಸಣ್ಣದಾಗಿ ಟಿಕ್ ಟಿಕ್ ಸದ್ದು ಬರುತ್ತದೆ. ಒಳಗಿವಿ ಸರಿಯಾಗಿದ್ದರೆ ಅದೇ ಒಂದು ಸಣ್ಣ ಸದ್ದನ್ನು ವಾಪಸ್ ಕೊಡುತ್ತದೆ. ಬಿರಡೆಯಲ್ಲಿರುವ ಮೈಕ್ ಅದನ್ನು ಹಿಡಿಯುತ್ತದೆ. ಕಿವಿ ಹೀಗೆ ಸದ್ದು ಮಾಡುತ್ತದೆ ಎಂದು ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ತೋರಿಸಿದರು. ಈ ಪರೀಕ್ಷೆಗೆ ಒಎಇ ಎನ್ನುತ್ತಾರೆ. ಸೂಜಿ ಇಲ್ಲ, ಔಷಧಿ ಇಲ್ಲ. ಮಗು ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಹರಿಹರ ಚಿಕ್ಕಪ್ಪ: ಹಾಗಾದರೆ ಎಡಗಿವಿ ಕೇಳಿಸುವುದಿಲ್ಲ ಅಂತಲಾ?

ಪುಟ್ಟಿ: ಇಲ್ಲ ಅಜ್ಜ. ರೆಫರ್ ಎಂದರೆ ಇನ್ನೊಮ್ಮೆ ನೋಡಬೇಕು ಎಂದಷ್ಟೇ. ಹುಟ್ಟಿದ ಒಂದೆರಡು ದಿನ ಕಿವಿಯಲ್ಲಿ ಗರ್ಭದ ನೀರು, ಬಿಳಿ ಲೋಳೆ ಉಳಿದಿರುತ್ತದೆ. ಅದಕ್ಕೇ ಎಷ್ಟೋ ಮಕ್ಕಳಿಗೆ ರೆಫರ್ ಬರುತ್ತದೆ. ಹೆಚ್ಚಿನವರು ಎರಡನೇ ಸಲ ಪಾಸಾಗುತ್ತಾರೆ. ಆದರೆ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ನಿಜವಾಗಿಯೂ ತೊಂದರೆ ಇರುತ್ತದೆ. ಆ ಮಗು ಯಾವುದು ಎಂದು ಮುಖ ನೋಡಿ ಹೇಳಲು ಆಗುವುದಿಲ್ಲ.

ಹಿರಿಯೂರು ಅತ್ತೆ: ನಮ್ಮ ಕಡೆ ಯಾರಿಗೂ ಕಿವುಡಿಲ್ಲ.

ಪುಟ್ಟಿ: ಅಜ್ಜಿ, ಕಿವುಡು ಮಕ್ಕಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಕ್ಕಳು ಚೆನ್ನಾಗಿ ಕಿವಿ ಕೇಳಿಸುವ ಅಪ್ಪ ಅಮ್ಮನಿಗೇ ಹುಟ್ಟುವುದು. ಜೊತೆಗೆ ನಮ್ಮಲ್ಲಿ ಸಂಬಂಧದೊಳಗೆ ಮದುವೆ ಇದೆ. ಅದರಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ಬೇಕು.

ಹಿರಿಯೂರು ಅತ್ತೆ: ಇದನ್ನು ಗುಂಪಿನಲ್ಲಿ ಹೇಳಬೇಕಿತ್ತಾ? ಅಣ್ಣನ ಮಗಳನ್ನು ತಂದುಕೊಂಡಿದ್ದು ನನ್ನ ತಪ್ಪಾ?

ಪುಟ್ಟಿ: ಕ್ಷಮಿಸಿ ಅಜ್ಜಿ. ತಪ್ಪು ಎಂದು ಹೇಳಲಿಲ್ಲ. ಪರೀಕ್ಷೆ ಬಿಡಬಾರದು ಎಂದು ಹೇಳಲು ಹೊರಟೆ.

ತಂಗಿ: ಅತ್ತೆ, ಬೇಜಾರಾಗಬೇಡಿ.

ನಾನು: ಅತ್ತೆ, ಯಾರ ತಪ್ಪೂ ಇಲ್ಲ. ನನ್ನ ಮಾತು ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ. ನನ್ನ ಮಗ ಹುಟ್ಟಿದ್ದು 2011ರಲ್ಲಿ. ಕಾಮಾಲೆ ಜಾಸ್ತಿಯಾಗಿ ರಕ್ತ ಬದಲಿಸಿದರು. ಹಾಗಾದ ಮಗುವಿನ ಕಿವಿಯನ್ನು ನೋಡಲೇಬೇಕು ಎಂದು ಆ ಆಸ್ಪತ್ರೆಯಲ್ಲಿ ಒಬ್ಬರೂ ನನಗೆ ಹೇಳಲಿಲ್ಲ. ಮೊದಲ ದೀಪಾವಳಿಗೆ ಬೀದಿಯಲ್ಲಿ ಆಟಂಬಾಂಬ್ ಹೊಡೆದರು. ಪಕ್ಕದ ಮನೆಯ ಕೂಸು ಕಿರುಚಿ ಅತ್ತಿತು. ಇವನು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದ. ಎಷ್ಟು ಧೈರ್ಯದ ಹುಡುಗ ಎಂದು ನಾವೆಲ್ಲ ಹೊಗಳಿದೆವು. ನಾನೂ ಹೊಗಳಿದೆ ಅತ್ತೆ. ದೃಷ್ಟಿ ತೆಗೆದೆ.

ನಾನು: ತಟ್ಟೆ ಬಿದ್ದರೆ ಬೆಚ್ಚುತ್ತಿದ್ದ, ಬಾಗಿಲು ಬಡಿದರೆ ತಿರುಗುತ್ತಿದ್ದ. ನೆಲ ಅದುರುವುದು, ಗಾಳಿ ಬೀಸುವುದು, ನೆರಳು ಆಡುವುದು ಅವನಿಗೆ ಗೊತ್ತಾಗುತ್ತಿತ್ತು. ಸದ್ದು ಅಲ್ಲ. ಇದು ನನಗೆ ತಿಳಿದದ್ದು ಆಮೇಲೆ. ಆರು ತಿಂಗಳವರೆಗೆ ಬೇರೆ ಮಕ್ಕಳ ಹಾಗೆ ಊ ಆ ಎನ್ನುತ್ತಲೂ ಇದ್ದ. ಎರಡು ವರ್ಷವಾದರೂ ಮಾತು ಬರಲಿಲ್ಲ. ಬಜೆ ತೇಯ್ದು ನೆಕ್ಕಿಸಿದೆ. ಹರಕೆ ಹೊತ್ತೆ. ಗಂಡು ಮಕ್ಕಳಿಗೆ ಮಾತು ತಡ ಎಂದು ಎಲ್ಲರೂ ಸಮಾಧಾನ ಹೇಳಿದರು. ಪ್ರೀತಿಯಿಂದಲೇ ಹೇಳಿದರು. ಕೊನೆಗೆ ಕಂಡುಹಿಡಿದದ್ದು ಅಂಗನವಾಡಿ ಟೀಚರ್. ಹಿಂದಿನಿಂದ ಹೆಸರು ಕರೆದರೆ ಈ ಹುಡುಗ ಒಂದು ದಿನವೂ ತಿರುಗಿಲ್ಲ, ಮುಂದೆ ನಿಂತರೆ ನಗುತ್ತಾನೆ ಎಂದರು. ಸದ್ದು ಕಿವಿಯಿಂದ ಮೆದುಳಿಗೆ ತಲುಪುತ್ತದೆಯೇ ಎಂದು ನೋಡುವ ಬೇರಾ ಪರೀಕ್ಷೆ ಮಾಡಿಸಿದಾಗ ಅವನಿಗೆ ಮೂರು ವರ್ಷ ತುಂಬಲು ಎರಡು ತಿಂಗಳಿತ್ತು.

ನಾನು: ಈಗ ಕಿವಿ ಕೇಳಿಸುವ ಮಷೀನ್ ಹಾಕಿಕೊಂಡು ಶಾಲೆಗೆ ಹೋಗುತ್ತಾನೆ, ಮಾತಾಡುತ್ತಾನೆ. ಆದರೆ ಒಂದೊಂದು ಮಾತನ್ನೂ ನಾವು ಕೂತು ಕಲಿಸಿದ್ದು. ಬೇರೆ ಮಕ್ಕಳಿಗೆ ಅಡುಗೆಮನೆಯಲ್ಲಿ, ಜಗಲಿಯಲ್ಲಿ, ತಾನಾಗಿ ಕಿವಿಗೆ ಬಿದ್ದು ಬರುವ ಮಾತು ಅವನಿಗೆ ಹಾಗೆ ಬರಲಿಲ್ಲ. ಅವನು ಮೊದಲ ಸಲ ಅಮ್ಮ ಎಂದಾಗ ನಾಲ್ಕು ವರ್ಷ. ಆ ಮೂರು ವರ್ಷವನ್ನು ನನಗೆ ಯಾರೂ ವಾಪಸ್ ಕೊಡಲು ಆಗುವುದಿಲ್ಲ. ತಂಗಿಗೆ ಹಾಗಾಗಬಾರದು.

ಅಮ್ಮ: ಈ ದೀಪಾವಳಿ ವಿಷಯ ನೀನು ನನಗೆ ಯಾವತ್ತೂ ಹೇಳಿರಲಿಲ್ಲ.

ಹರಿಹರ ಚಿಕ್ಕಪ್ಪ: ನಾನು ಆ ಮೆಸೇಜ್ ಅಳಿಸುತ್ತೇನೆ. ಕಳಿಸಿದ ಬೇರೆ ಗುಂಪಿನಲ್ಲೂ ಹೇಳುತ್ತೇನೆ. ಆದರೆ ಪುಟ್ಟಿ, ಒಂದು ಕೇಳುತ್ತೇನೆ. ಮೂರು ವರ್ಷ ತಡ ಬೇರೆ, ಮೂರು ತಿಂಗಳು ತಡ ಬೇರೆ ಅಲ್ವಾ? ಅಕ್ಕ ಹೇಳುವ ಹಾಗೆ ಬಾಣಂತನ ಮುಗಿಯಲಿ ಎಂದರೆ ಏನು ತೊಂದರೆ?

ಪುಟ್ಟಿ: ಒಂದು, ಮೂರು, ಆರು ಎಂದು ನಮಗೆ ಕಲಿಸುತ್ತಾರೆ ಅಜ್ಜ. ಒಂದು ತಿಂಗಳೊಳಗೆ ಈ ಪರೀಕ್ಷೆ ಮುಗಿಯಬೇಕು. ಮೂರು ತಿಂಗಳೊಳಗೆ ಬೇರಾ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. ಆರು ತಿಂಗಳೊಳಗೆ ಮಷೀನ್ ಅಥವಾ ತರಬೇತಿ ಶುರುವಾಗಬೇಕು. ಅಮೆರಿಕದ ಕೊಲರಾಡೊದಲ್ಲಿ ನಡೆದ ಅಧ್ಯಯನ 1998ರಲ್ಲಿ ಬಂತು. ಆರು ತಿಂಗಳೊಳಗೆ ಪತ್ತೆಯಾದ ಮಕ್ಕಳ ಭಾಷೆ, ಆಮೇಲೆ ಪತ್ತೆಯಾದವರಿಗಿಂತ ತುಂಬಾ ಚೆನ್ನಾಗಿತ್ತು. ಮೊದಲ ಹೆಜ್ಜೆಯನ್ನೇ ಮೂರು ತಿಂಗಳಾದ ಮೇಲೆ ಇಟ್ಟರೆ ಉಳಿದದ್ದೆಲ್ಲ ಹಿಂದೆ ಬೀಳುತ್ತದೆ. ಇನ್ನೊಂದು ವಿಷಯ. ಮೂರು ತಿಂಗಳಾದ ಮೇಲೆ ಮಗು ನಗುತ್ತದೆ, ಆಡುತ್ತದೆ. ಆಗ ಯಾರಿಗೂ ಹೋಗಬೇಕು ಅನ್ನಿಸುವುದಿಲ್ಲ. ಎಷ್ಟೋ ಮಕ್ಕಳು ತಪ್ಪಿಹೋಗುವುದು ಇಲ್ಲೇ, ಎರಡನೇ ಸಲ ಬರದೆ.

ಹರಿಹರ ಚಿಕ್ಕಪ್ಪ: ಖರ್ಚು?

ಪುಟ್ಟಿ: ಮಕ್ಕಳ ಆರೋಗ್ಯವನ್ನು ಉಚಿತವಾಗಿ ನೋಡುವ ಸರ್ಕಾರದ ಆರ್‌ಬಿಎಸ್‌ಕೆ ಕಾರ್ಯಕ್ರಮ 2013ರಿಂದ ಇದೆ. ಹುಟ್ಟಿದ ಕೂಸಿನಿಂದ 18 ವರ್ಷದವರೆಗೆ. ಹುಟ್ಟು ಕಿವುಡು ಅದರ ಪಟ್ಟಿಯಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ಹೇಳುತ್ತಾರೆ.

ಹಿರಿಯೂರು ಅತ್ತೆ: ಪಾಪುವನ್ನು ಮಾತ್ರ ಕರೆದುಕೊಂಡು ಹೋದರೆ ಆಗುವುದಿಲ್ಲವಾ? ನಾನೇ ಬಂದು ಎತ್ತಿಕೊಳ್ಳುತ್ತೇನೆ. ಬಾಣಂತಿ ಮನೆಯಲ್ಲಿರಲಿ.

ತಂಗಿ: ಅತ್ತೆ, ಹಾಲು ಕುಡಿದು ಮಲಗಿದರೆ ಮಾತ್ರ ಪರೀಕ್ಷೆ ಸರಿಯಾಗಿ ಆಗುವುದು. ಅತ್ತರೆ ಮೆಷಿನ್ ಹಿಡಿಯುವುದಿಲ್ಲವಂತೆ. ನಾನು ಬರಲೇಬೇಕು. ಬರುತ್ತೇನೆ. ನಾನು ಆಗಲೇ ಮನಸ್ಸು ಮಾಡಿದ್ದೇನೆ.

ಹಿರಿಯೂರು ಅತ್ತೆ: ನನಗೆ ಇನ್ನೂ ಸಮಾಧಾನ ಇಲ್ಲ. ಆದರೂ ಬಿಸಿಲು ಬಂದ ಮೇಲೆ ಹೊರಡಿ. ಕಾರಿನ ಕಿಟಕಿ ಇಳಿಸಬೇಡಿ. ತಲೆಗೆ ಸ್ಕಾರ್ಫ್ ಕಟ್ಟು, ಕಿವಿಗೆ ಹತ್ತಿ ಇಟ್ಟುಕೋ. ಪಾಪುಗೂ ಇಡು.

ನಾನು: ಹತ್ತಿ ತಂಗಿಗೆ ಇರಲಿ ಅತ್ತೆ. ಪಾಪುವಿನ ಕಿವಿಗೆ ಬೇಡ. ಅಮ್ಮ, ಸ್ನಾನ ಮಾಡಿಸುವಾಗ ಅವಳ ಕಿವಿಗೆ ಎಣ್ಣೆಯನ್ನೂ ಬಿಡಬೇಡ, ಇವತ್ತಿನಿಂದಲೇ.

ಅಮ್ಮ: ನಿನ್ನೆ ಎರಡು ತೊಟ್ಟು ಬಿಟ್ಟಿದ್ದೆ. ಇನ್ನು ಬಿಡುವುದಿಲ್ಲ.

ಹರಿಹರ ಚಿಕ್ಕಪ್ಪ: ಕಾರು ನಾನು ತರುತ್ತೇನೆ. ಹತ್ತು ಗಂಟೆಗೆ ಜಗಳೂರಿನಲ್ಲಿರುತ್ತೇನೆ. ದಾರಿಯಲ್ಲಿ ಹಾರ್ನ್ ಹೊಡೆಯುವುದಿಲ್ಲ, ಪಾಪು ಮಲಗಿರಲಿ.