ಹೆಲ್‌ಡೊರಾಡೊ ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂದವರಿಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅರಿಜೋನಾದ ನಮ್ಮ ಚಾಂಡ್ಲರ್‌ಗೆ ಹೊಸದಾಗಿ ಬಂದ ತಾಯಿಯೊಬ್ಬರು ಮೊನ್ನೆ ಇಲ್ಲಿ ಕೇಳಿದ್ದರು. ಅಕ್ಟೋಬರ್ ಮೂರನೇ ವಾರಾಂತ್ಯ ಟೂಮ್‌ಸ್ಟೋನ್ ಊರಲ್ಲಿ ಹೆಲ್‌ಡೊರಾಡೊ ಡೇಸ್ ಅನ್ನುವ ಕೌಬಾಯ್ ಕಾಲದ ಜಾತ್ರೆ ಅಂತೆ, ಮಗನ ಗೆಳೆಯರೆಲ್ಲ ಹೋಗುತ್ತಾರಂತೆ, ಅವನಿಗೂ ಕೌಬಾಯ್ ಟೋಪಿ, ಆಟದ ಪಿಸ್ತೂಲು ಬೇಕಂತೆ, ಗೊಂಬೆ ಕೂರಿಸುವ ದಿನಗಳಲ್ಲಿ ಇದೆಲ್ಲ ಬೇಕಾ ಅಂತ. "ಬಂದೂಕಿನ ಜಾತ್ರೆ, ಬೇಡವೇ ಬೇಡ" ಅಂದವರೇ ಜಾಸ್ತಿ. ನಾನು ಮೂರು ಸಲ ಹೋಗಿ ಬಂದಿದ್ದೇನೆ. ಹೋಗಿ ಅಂತಲೇ ಹೇಳುತ್ತೇನೆ. ಯಾಕೆ ಅನ್ನುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕು, ಬೇಜಾರು ಮಾಡ್ಕೋಬೇಡಿ.

ದಾರಿ ಸುಲಭ. ಐ-10ರಲ್ಲಿ ಟೂಸಾನ್ ದಾಟಿ, ಬೆನ್ಸನ್ ಹತ್ತಿರ ಹೈವೇ 80 ಹಿಡಿದರೆ ಆಯಿತು. ಎರಡೂವರೆ, ಮೂರು ಗಂಟೆ. ಊರು ಸುಮಾರು 4,500 ಅಡಿ ಎತ್ತರದಲ್ಲಿದೆ, ಸಂಜೆಗೆ ಸ್ವೆಟರ್ ಇರಲಿ. ಸಸ್ಯಾಹಾರಿಗಳು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋದರೆ ನೆಮ್ಮದಿ.

ಈಗ ಬಂದೂಕಿನ ವಿಷಯ. ಮೊದಲ ಸಲ ಹೋದಾಗ ಮಗಳಿಗೆ ಐದು ವರ್ಷ. ಅಲೆನ್ ಸ್ಟ್ರೀಟ್‌ನ ಮರದ ಹಲಗೆಯ ಕಾಲುದಾರಿಯಲ್ಲಿ ನಿಂತು ಐಸ್‌ಕ್ರೀಮ್ ತಿನ್ನುತ್ತಿದ್ದಳು. ವೇಷ ಹಾಕಿದವರು ಎದುರುಬದುರು ನಿಂತು ಢಂ ಅನ್ನಿಸಿದರು. ಗುಂಡಿಲ್ಲದ ತೋಟಾನೇ, ಆದರೆ ಸದ್ದು ನಿಜವಾದದ್ದು. ಐಸ್‌ಕ್ರೀಮ್ ನೆಲಕ್ಕೆ, ಮಗಳು ನನ್ನ ಕುತ್ತಿಗೆಗೆ. ಹಾಗಾಗಿ ಚಿಕ್ಕ ಮಕ್ಕಳಿದ್ದರೆ ಕಿವಿಗೆ ಏನಾದರೂ ಹಾಕಿ, ಸ್ವಲ್ಪ ಹಿಂದೆ ನಿಲ್ಲಿ.

ಅವತ್ತು ವಾಪಸ್ ಬರುವಾಗ ಮಗಳು ಕೇಳಿದಳು, "ಅವರು ಯಾಕೆ ಹೊಡೆದಾಡಿದ್ದು?" ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು, ಅವರು ಆಡಿ ತೋರಿಸಿದ ನಿಜವಾದ ಕಾಳಗದ ಬಗ್ಗೆ ಓದಿದೆ. 1881ರ ಏಪ್ರಿಲ್‌ನಲ್ಲಿ ಆ ಊರಿನವರು ಆರ್ಡಿನೆನ್ಸ್ 9 ಅಂತ ಒಂದು ಕಟ್ಟಳೆ ಮಾಡಿದ್ದರು. ಊರೊಳಗೆ ಬಂದೂಕು ಹಿಡಿದು ಓಡಾಡುವ ಹಾಗಿಲ್ಲ, ಬಂದ ತಕ್ಷಣ ಕುದುರೆ ಲಾಯದಲ್ಲೋ ಸಲೂನಿನಲ್ಲೋ ಕೊಟ್ಟುಬಿಡಬೇಕು. ಅಕ್ಟೋಬರ್ 26ರಂದು ಊರಿನ ಮಾರ್ಷಲ್, ಅಂದರೆ ಪೊಲೀಸ್ ಮುಖ್ಯಸ್ಥ, ವರ್ಜಿಲ್ ಅರ್ಪ್, ತಮ್ಮಂದಿರಾದ ವೈಯಟ್, ಮಾರ್ಗನ್ ಮತ್ತು ಗೆಳೆಯ ಡಾಕ್ ಹಾಲಿಡೇ ಜೊತೆ ಹೊರಟಿದ್ದು ಆ ಕಟ್ಟಳೆಯ ನೆಪದಲ್ಲೇ, ಕೌಬಾಯ್‌ಗಳ ಒಂದು ಗುಂಪಿನಿಂದ ಬಂದೂಕು ಇಳಿಸಿಕೊಳ್ಳಲು. ಮೂವತ್ತು ಸೆಕೆಂಡಿನಲ್ಲಿ ಸುಮಾರು ಮೂವತ್ತು ಗುಂಡು ಹಾರಿದವು. ಆ ಗುಂಪಿನ ಬಿಲ್ಲಿ ಕ್ಲಾಂಟನ್, ಮೆಕ್‌ಲೌರಿ ಅಣ್ಣತಮ್ಮಂದಿರಿಬ್ಬರು ಸತ್ತರು. ಎಲ್ಲರೂ ಇದು ಓ.ಕೆ. ಕೊರಾಲ್ ಅನ್ನುವ ಕುದುರೆ ಲಾಯದಲ್ಲಿ ನಡೆದದ್ದು ಅನ್ನುತ್ತಾರೆ, ಆದರೆ ನಡೆದದ್ದು ಪಕ್ಕದ ಫೋಟೋ ಸ್ಟುಡಿಯೋ ಬಳಿಯ ಇಕ್ಕಟ್ಟು ಜಾಗದಲ್ಲಿ. ಇನ್ನೂ ತಮಾಷೆ ಅಂದರೆ, ಆಗ ಆ ಕಡೆ ಯಾರನ್ನಾದರೂ "ಕೌಬಾಯ್" ಅಂದರೆ ದನಗಳ್ಳ ಅಂತ ಬೈದ ಹಾಗೆ. ಮಗನಿಗೆ ಇದನ್ನು ಹೇಳಿದ ಮೇಲೆ ಟೋಪಿ ಹಾಕಿಕೊಂಡಾಗಲೆಲ್ಲ ಅಕ್ಕನ ಲೆಕ್ಕದಲ್ಲಿ ಅವನು ಕಳ್ಳ.

ಹಿಂಸೆ ಅನ್ನುವವರಿಗೆ ಒಂದು ಪ್ರಶ್ನೆ. ನಮ್ಮ ರಾಜ್ಯೋತ್ಸವದ ಛದ್ಮವೇಷದಲ್ಲಿ ವರ್ಷ ವರ್ಷ ಎಷ್ಟು ಒನಕೆ ಓಬವ್ವಂದಿರು ಬರುತ್ತಾರೆ? ಕಿಂಡಿಯಲ್ಲಿ ತಲೆ ಹಾಕಿದವರನ್ನೆಲ್ಲ ಒನಕೆಯಲ್ಲಿ ಜಜ್ಜಿದ ಕಥೆ ಅದು. ನಾವು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇವೆ. ಕಥೆ ಗೊತ್ತಿರುವುದರಿಂದ ಒನಕೆ ನಮಗೆ ಹಿಂಸೆಯಾಗಿ ಕಾಣುವುದಿಲ್ಲ, ಅಲ್ವಾ?

ನನ್ನನ್ನು ಆ ಊರು ಹಿಡಿದುಕೊಂಡದ್ದು ಬೇರೆಯದೇ ಕಾರಣಕ್ಕೆ. ನಮ್ಮದು ಬಂಗಾರಪೇಟೆ. ತಾತ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. ಟೂಮ್‌ಸ್ಟೋನ್ ಕೂಡ ಗಣಿಯ ಊರೇ. ಎಡ್ ಶೀಫೆಲಿನ್ ಅನ್ನುವವನು ಅದಿರು ಹುಡುಕಲು ಹೊರಟಾಗ, "ಅಲ್ಲಿ ನಿನಗೆ ಸಿಗುವ ಕಲ್ಲು ಅಂದರೆ ನಿನ್ನ ಗೋರಿಕಲ್ಲು ಒಂದೇ" ಅಂತ ಹೆದರಿಸಿದ್ದರಂತೆ. ಅವನಿಗೆ ಬೆಳ್ಳಿ ಸಿಕ್ಕಿತು. ಹಟಕ್ಕೆ ಅದೇ ಹೆಸರಿಟ್ಟ. 1879ರಲ್ಲಿ ಊರು ಹುಟ್ಟಿತು, ಮರುವರ್ಷ ಶುರುವಾದ ಪತ್ರಿಕೆಗೆ ಎಪಿಟಾಫ್, ಅಂದರೆ ಗೋರಿಯ ಮೇಲಿನ ಬರಹ, ಅಂತಲೇ ಹೆಸರು. ನಮ್ಮ ಕಡೆ ಜಾನ್ ಟೇಲರ್ ಕಂಪನಿಯವರು ಚಿನ್ನಕ್ಕೆ ಬಂದದ್ದೂ 1880ರ ಹೊತ್ತಿಗೇ. ಅಲ್ಲಿ ಗಣಿಗೆ ನೀರು ನುಗ್ಗಿತು, 1886ರಲ್ಲಿ ಪಂಪ್‌ಮನೆ ಸುಟ್ಟುಹೋಯಿತು, ಜನ ಗಂಟುಮೂಟೆ ಕಟ್ಟಿದರು. ನಮ್ಮದು 2001ರ ಫೆಬ್ರವರಿ 28ರವರೆಗೆ ಎಳೆಯಿತು. ಈಗ ನಮ್ಮ ಗಣಿಬಾವಿಗಳಲ್ಲೂ ನೀರೇ. ಊರವರು ಬೆಳಗಿನ ಟ್ರೇನಿಗೆ ನೇತಾಡಿಕೊಂಡು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ.

1929ರಲ್ಲಿ ಟೂಮ್‌ಸ್ಟೋನ್‌ಗೆ ಇನ್ನೊಂದು ಪೆಟ್ಟು. ಜಿಲ್ಲಾ ಕೇಂದ್ರವನ್ನು ಬಿಸ್ಬಿ ಊರಿಗೆ ಸಾಗಿಸಲು ಜನ ವೋಟು ಹಾಕಿದರು. ಊರಿಗೆ ಐವತ್ತು ತುಂಬಿದ ಅದೇ ವರ್ಷ, ಅಕ್ಟೋಬರ್‌ನಲ್ಲಿ, ಮೊದಲ ಹೆಲ್‌ಡೊರಾಡೊ ಮಾಡಿದರು. ನ್ಯೂಯಾರ್ಕ್ ಷೇರುಪೇಟೆ ಮಕಾಡೆ ಮಲಗಿದ್ದೂ ಆ ತಿಂಗಳೇ! ಬೆಳ್ಳಿ ಇಲ್ಲ, ಕಚೇರಿ ಇಲ್ಲ, ಕಥೆ ಒಂದಿತ್ತು, ಅದನ್ನೇ ಬೀದಿಗೆ ತಂದರು. ಇವತ್ತಿಗೂ ಸುಮಾರು 1,300 ಜನರ ಊರು ಮೆರವಣಿಗೆ, ಹಳೇ ಕಾಲದ ಉಡುಪು, ಗುಂಡಿನ ಆಟ ಅಂತ ಅದರಲ್ಲೇ ಬದುಕುತ್ತಿದೆ. ಆ ಮೆರವಣಿಗೆ ನೋಡುವಾಗ ನನಗೆ ಸುಮ್ನೆ ಹೊಟ್ಟೆಯುರಿ. ಚಿನ್ನ ತೆಗೆದು ಉಳಿದ ಮಣ್ಣಿನ ನಮ್ಮ ಸೈನೈಡ್ ದಿಬ್ಬಗಳ ಕೆಳಗೆ ತಾತನ ಕಾಲದ ಬಟ್ಟೆ ಹಾಕಿಕೊಂಡು ಹೀಗೆ ಯಾರಾದರೂ ನಡೆಯಬಾರದಾ ಅನ್ನಿಸುತ್ತದೆ.

ಆಟದಲ್ಲಿ ತೋರಿಸದ ವಿಷಯಗಳೂ ಇವೆ, ಅದನ್ನು ನಾವೇ ಮಕ್ಕಳಿಗೆ ಹೇಳಬೇಕು. ಎರಡನೇ ಸಲ ಹೋದಾಗ ಅಂಗಡಿಯಲ್ಲಿ "ಕೌಬಾಯ್ಸ್ ಅಂಡ್ ಇಂಡಿಯನ್ಸ್" ಗೊಂಬೆಗಳ ಪೊಟ್ಟಣ ನೋಡಿ ಮಗ ಕೇಳಿದ, "ಅಪ್ಪಾ, ಇದರಲ್ಲಿ ನಾವು ಯಾರು?" ನಕ್ಕು ಸುಮ್ಮನಾಗಬಹುದಿತ್ತು. ಊರಿನಾಚೆ ಕಾಣುವ ಡ್ರಗೂನ್ ಬೆಟ್ಟ ತೋರಿಸಿದೆ. ಇವರು "ಇಂಡಿಯನ್ಸ್" ಅನ್ನುವ ಇಲ್ಲಿನ ಮೂಲನಿವಾಸಿಗಳಾದ ಅಪಾಚೆಗಳ ನಾಯಕ ಕೊಚೀಸ್ ತನ್ನ ಜನರ ಜೊತೆ ನೆಲೆಸಿದ್ದು ಅಲ್ಲಿ, ಜಿಲ್ಲೆಗೆ ಇರುವುದೂ ಅವನದೇ ಹೆಸರು. 1886ರಲ್ಲಿ ಇನ್ನೊಬ್ಬ ಅಪಾಚೆ ನಾಯಕ ಜೆರೊನಿಮೊ ಶರಣಾದ ಮೇಲೆ ಇಬ್ಬರ ಜನರನ್ನೂ ರೈಲಿಗೆ ತುಂಬಿ ದೂರದ ಫ್ಲೋರಿಡಾಕ್ಕೆ ಕಳಿಸಿದರು. ಜಿಲ್ಲೆಗೆ ಕೊಚೀಸ್ ಹೆಸರು ಉಳಿಯಿತು, ಅವನ ಜನ ಉಳಿಯಲಿಲ್ಲ ಅಂದೆ. ಮಗ ಆ ಪೊಟ್ಟಣ ಬೇಡ ಅಂದ. ನಾನು ಬೇಡ ಅನ್ನಿಸಿದ್ದಲ್ಲ, ಅವನೇ ವಾಪಸ್ ಇಟ್ಟ.

ಚೀನಾದವರ ಕೇರಿಯೂ ಇತ್ತು, ಹಾಪ್‌ಟೌನ್ ಅನ್ನುತ್ತಿದ್ದರು. ಅಲ್ಲಿನ ಯಜಮಾನಿ ಚೈನಾ ಮೇರಿಯ ಸಮಾಧಿ ಬೂಟ್‌ಹಿಲ್ ಗೋರಿಗಳ ನಡುವೆ ಇದೆ. ದುಡಿಯಲು ದೂರದಿಂದ ಬಂದ ನಮ್ಮಂಥವರು ಆಗಲೂ ಇದ್ದರು ಅನ್ನುವುದನ್ನು ಮಕ್ಕಳು ಅಲ್ಲೇ ನಿಂತು ನೋಡಲಿ.

ಹಾಗೇ ಗುಲಾಬಿ ಮರ ಬಿಟ್ಟು ಬರಬೇಡಿ. ತವರು ನೆನೆದು ಕೊರಗುತ್ತಿದ್ದ ಒಬ್ಬ ಹೆಣ್ಣುಮಗಳಿಗೆ ಸ್ಕಾಟ್‌ಲ್ಯಾಂಡ್‌ನಿಂದ ಮನೆಯವರು ಕಳಿಸಿದ ಗಿಡ, 1885ರಲ್ಲಿ ನೆಟ್ಟಿದ್ದು. ಈಗ ಅಂಗಳಕ್ಕೇ ಚಪ್ಪರವಾಗಿದೆ. ಜಗತ್ತಿನಲ್ಲೇ ದೊಡ್ಡ ಗುಲಾಬಿ ಅನ್ನುತ್ತಾರೆ. ಹೂವು ವಸಂತದಲ್ಲಿ, ಅಕ್ಟೋಬರ್‌ನಲ್ಲಿ ಬರೀ ನೆರಳು. ನಮ್ಮ ಮನೆಯವಳು ಅದರ ಬುಡ ನೋಡುತ್ತಾ ನಿಂತು, "ರೀ, ನಮ್ಮ ಕರಿಬೇವಿನ ಕುಂಡಕ್ಕೆ ನೆರಳು ಕಟ್ಟಿ ಅಂತ ಎರಡು ಬೇಸಿಗೆಯಿಂದ ಹೇಳ್ತಿದ್ದೀನಿ" ಅಂದಳು. ವಾಪಸ್ ಬಂದ ವಾರವೇ ಕಟ್ಟಿದೆ.

ಕೊನೆಗೆ ಗೊಂಬೆ ಹಬ್ಬದ ಪ್ರಶ್ನೆ. ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲೇ ಇದೆ, ಅದಕ್ಕೇನೂ ಆಗಿಲ್ಲ. ಕೆಳಗಿನ ಮೆಟ್ಟಿಲಲ್ಲಿ, ಶೆಟ್ಟರ ಅಂಗಡಿ ಗೊಂಬೆಯ ಪಕ್ಕ, ಹೋದ ವರ್ಷದಿಂದ ಒಬ್ಬ ಕೌಬಾಯ್ ನಿಂತಿದ್ದಾನೆ. ಅರಿಶಿನ ಕುಂಕುಮಕ್ಕೆ ಬಂದವರೊಬ್ಬರು, ಇವನ ಸೊಂಟದಲ್ಲಿ ಪಿಸ್ತೂಲೇ ಇಲ್ಲವಲ್ಲ ಅಂದರು. ಅದು ಶೆಟ್ಟರ ಗಲ್ಲಾಪೆಟ್ಟಿಗೆಯಲ್ಲಿದೆ, ಊರು ಬಿಡುವಾಗ ವಾಪಸ್ ಕೊಡುತ್ತಾರೆ ಅಂದಳು ಮಗಳು.