ಸಹಾಯ ಬೇಕು: ಮೀನಿನ ಗಾಡಿಯನ್ನು ಸಂಚಾರಿ ಬಾರ್ ಮಾಡಬಹುದೇ?

ಗೋವಾ ಕನ್ನಡಿಗರೆಲ್ಲರಿಗೂ ನಮಸ್ಕಾರ. ನಾನು ವಾಸ್ಕೋದಲ್ಲಿದ್ದೇನೆ, ಊರು ಹಾವೇರಿ ಕಡೆ. ಹತ್ತು ವರ್ಷ ಮೀನು ಸಾಗಿಸಿದ ನನ್ನ ಟಾಟಾ 407 ಲಾರಿ ಈಗ ಮನೆಯ ಮುಂದೆ ಸುಮ್ಮನೆ ನಿಂತಿದೆ. ಒಂದು ಬದಿಯ ತಗಡು ಕತ್ತರಿಸಿ, ಮೇಲಕ್ಕೆತ್ತುವ ಬಾಗಿಲು ಕೂರಿಸಿ, ಮದುವೆ, ಪಾರ್ಟಿಗಳಿಗೆ ಬಾಡಿಗೆಗೆ ಹೋಗುವ ಬಾರ್ ಮಾಡಬೇಕೆಂದಿದ್ದೇನೆ. ಗೋವಾದ ಮದ್ಯ ಫೆನಿ, ಬೇಸಿಗೆಯಲ್ಲಿ ಗೇರುಹಣ್ಣಿನ ಲಘು ಮದ್ಯ ಉರಾಕ್, ಕುಡಿಯದವರಿಗೆ ಕೋಕಂ ಸೋಡಾ. (ಮೂರು ಸಲ ತೊಳೆದರೂ ಮೀನಿನ ವಾಸನೆ ಹೋಗಿಲ್ಲ. ಅದಕ್ಕೂ ಉಪಾಯ ಹೇಳಿ.)

ತೊಡಕು ಕಾಗದಪತ್ರಗಳದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಗ್ಯಾರೇಜಿನವನು ‘ಮೊದಲು ಕತ್ತರಿಸೋಣ, ಆಮೇಲೆ ನೋಡೋಣ’ ಎನ್ನುತ್ತಾನೆ. ಗಾಡಿ ಅವನದಲ್ಲವಲ್ಲ! ಮೊದಲೇ ಆರ್‌ಟಿಒ ಒಪ್ಪಿಗೆ ಪಡೆದವರು ಯಾರಾದರೂ ಇದ್ದೀರಾ? ಅಬಕಾರಿ ಇಲಾಖೆಯ ತಾತ್ಕಾಲಿಕ ಪರವಾನಗಿಗೆ ಅರ್ಜಿ ಹಾಕಬೇಕಾದವರು ಮದುವೆ ಮನೆಯವರೋ, ನಾನೋ?

ಇನ್ನು ಭಾರ. 300 ಲೀಟರ್ ನೀರೆಂದರೆ 300 ಕಿಲೋ, ಮೇಲೆ ಐಸ್, ಬಾಟಲಿ, ಫ್ರಿಜ್. ಎಲ್ಲವೂ ಒಂದೇ ಬದಿಗೆ ಬಿದ್ದರೆ ಘಾಟಿಯ ತಿರುವಿನಲ್ಲಿ ಗಾಡಿ ವಾಲುತ್ತದೆ. ಟ್ಯಾಂಕನ್ನು ಎಲ್ಲಿ ಕೂರಿಸಬೇಕು? ಮಡಗಾಂವ್ ಅಥವಾ ಮಾಪುಸಾ ಕಡೆ ನಂಬಿಕಸ್ಥ ಬಾಡಿ ಕಟ್ಟುವವರಿದ್ದರೆ ದಯವಿಟ್ಟು ತಿಳಿಸಿ.