ಫಾರ್ವರ್ಡಿನಲ್ಲಿ ಬಿಟ್ಟುಹೋದ ಮೊದಲ ದಿನ

ಗುಂಪು: ಹೈಸ್ಕೂಲು ಗೆಳೆಯರು, ಶಿರಸಿ

ಭಟ್ ಮಾಸ್ತರ್ (ಫಾರ್ವರ್ಡ್ ಮಾಡಿದ್ದು): "ಪೊಲೀಸ್ ಕಸ್ಟಡಿಯಲ್ಲಿ ಹೊಡೆದರೆ ಏನು ಮಾಡಬೇಕು? ಎಲ್ಲರಿಗೂ ಕಳಿಸಿ. ಜಾಮೀನು ಸಿಗುವ ತನಕ ಕೋರ್ಟಿನಲ್ಲಿ ಬಾಯಿ ಬಿಡಬೇಡಿ, ಮತ್ತೆ ಹೊಡೆಯುತ್ತಾರೆ. ಹೊರಗೆ ಬಂದ ಮೇಲೆ ರಾಷ್ಟ್ರೀಯ ಮತ್ತು ರಾಜ್ಯ ಮಾನವ ಹಕ್ಕು ಆಯೋಗ ಎರಡಕ್ಕೂ ಒಂದೇ ದಿನ ದೂರು ಹಾಕಿ. 30 ದಿನದಲ್ಲಿ ಅಧಿಕಾರಿ ವಜಾ, 10 ಲಕ್ಷ ಪರಿಹಾರ ಗ್ಯಾರಂಟಿ. ಠಾಣೆಯ ಸಿಸಿಟಿವಿ ಕೇಳಿದ ದಿನವೇ ಕೊಡಬೇಕು."

ಶ್ರೀಪಾದ ವಕೀಲ: ಸರ್, ತಪ್ಪು ತಿಳಿಯಬೇಡಿ, ಇದನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಮೊದಲ ಸಾಲೇ ಜನರನ್ನು ಹಾಳು ಮಾಡುತ್ತದೆ. ಕೋರ್ಟಿನಲ್ಲಿ ಬಾಯಿ ಬಿಡದಿದ್ದರೆ ಆರ್ಡರ್ ಶೀಟಿನಲ್ಲಿ "ದೌರ್ಜನ್ಯದ ದೂರು ಇಲ್ಲ" ಎಂದು ಬರೆಯುತ್ತಾರೆ. ಮುಂದೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ (ಹಕ್ಕು ಮುರಿದದ್ದಕ್ಕೆ ನೇರ ಅರ್ಜಿ) ಹಾಕಲಿ, ಆಯೋಗಕ್ಕೆ ಹೋಗಲಿ, ಎದುರಿನವರು ಮೊದಲು ತೋರಿಸುವ ಕಾಗದ ಅದೇ.

ಭಟ್ ಮಾಸ್ತರ್: ಶ್ರೀಪಾದ, ನೀನು ಹೇಳುವುದು ಪುಸ್ತಕದ ಮಾತು. ಹೊಡೆದವರೇ ಹಿಂದೆ ನಿಂತಿರುತ್ತಾರೆ. ಇಪ್ಪತ್ತು ವರ್ಷದ ಹುಡುಗ, ಮತ್ತೆ ಅದೇ ಠಾಣೆಗೆ ವಾಪಸ್ ಹೋಗಬೇಕು ಅಂತ ಗೊತ್ತಿದ್ದವನು, ಅವರ ಮುಂದೆ ಹೇಗೆ ಹೇಳುತ್ತಾನೆ? ಆ ಫಾರ್ವರ್ಡ್ ಬರೆದವನಿಗೆ ಆ ಭಯ ಗೊತ್ತಿದೆ.

ಶ್ರೀಪಾದ ವಕೀಲ: ಭಯ ನಿಜ ಸರ್, ನಾನು ಅಲ್ಲಗಳೆಯುವುದಿಲ್ಲ. ಅದಕ್ಕೇ ದಾರಿ ಇದೆ. ಪೊಲೀಸರನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ ಎಂದು ವಕೀಲರು ಮ್ಯಾಜಿಸ್ಟ್ರೇಟರನ್ನು ಕೇಳಬಹುದು. ಬಾಯಲ್ಲಿ ಹೇಳಲು ಆಗದಿದ್ದರೆ ಒಂದು ಪುಟದ ಅರ್ಜಿ ಸಾಕು: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೋಣೆ, ಯಾವುದರಿಂದ, ದೇಹದ ಯಾವ ಭಾಗಕ್ಕೆ. ಹೆಸರು ಗೊತ್ತಿಲ್ಲದಿದ್ದರೆ ಬಿಲ್ಲೆ ನಂಬರು, ಅದೂ ಇಲ್ಲದಿದ್ದರೆ ಚಹರೆ. ಅದೇ ಅರ್ಜಿಯಲ್ಲಿ ಮೂರು ಬೇಡಿಕೆ ಇಡಬೇಕು: ವೈದ್ಯಕೀಯ ತಪಾಸಣೆ, ಪೊಲೀಸ್ ಕಸ್ಟಡಿ ಬೇಡ ನ್ಯಾಯಾಂಗ ಬಂಧನಕ್ಕೆ (ಜೈಲಿಗೆ) ಕಳಿಸಿ, ಸಿಸಿಟಿವಿ ಕಾಯ್ದಿಡಲು ಆದೇಶ. ಮತ್ತೆ ಅದೇ ಠಾಣೆಗೆ ಹೋಗದಂತೆ ತಡೆಯುವ ಅಧಿಕಾರ ಆ ಹೊತ್ತಿನಲ್ಲಿ ಇರುವುದು ಮ್ಯಾಜಿಸ್ಟ್ರೇಟರ ಕೈಯಲ್ಲಿ ಮಾತ್ರ. ಆಯೋಗಕ್ಕಿಲ್ಲ, ಎಸ್‌ಪಿಗೂ ಇಲ್ಲ. ಕಸ್ಟಡಿಯಲ್ಲಿ ತೊಂದರೆ ಆಯಿತೇ ಎಂದು ಕೇಳುವುದು, ತಪಾಸಣೆಯ ಹಕ್ಕು ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1983ರಲ್ಲೇ ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಿದೆ.

ಇರ್ಫಾನ್ ಭಟ್ಕಳ: ವಕೀಲರಿಗೆ ದುಡ್ಡಿಲ್ಲ ಅನ್ನುವ ಮಾತೇ ಬೇಡ. ಕಸ್ಟಡಿಯಲ್ಲಿ ಇರುವವರಿಗೆ ಆದಾಯ ನೋಡದೆ ಉಚಿತ ವಕೀಲರು, 1987ರ ಕಾನೂನು ಸೇವೆಗಳ ಕಾಯ್ದೆಯಲ್ಲೇ ಇದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಕಾರವಾರದ ಕೋರ್ಟ್ ಆವರಣದಲ್ಲಿ, ಸಮಿತಿಗಳು ತಾಲೂಕು ಕೋರ್ಟುಗಳಲ್ಲಿ. ರಾತ್ರಿಯಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್. ಆದರೆ ರಿಮಾಂಡ್ (ಎಲ್ಲಿ ಬಂಧನದಲ್ಲಿಡಬೇಕು ಎಂಬ ಮ್ಯಾಜಿಸ್ಟ್ರೇಟರ ತೀರ್ಮಾನ) ಮುಗಿದ ಮೇಲೆ ಬಂದು ಕೇಳಿದರೆ ಅರ್ಧ ಪ್ರಯೋಜನ. ಮನೆಯವರು ಬೆಳಿಗ್ಗೆ ಕೋರ್ಟ್ ಶುರುವಾಗುವ ಮೊದಲೇ ಬಂದು ಕೂರಬೇಕು.

ಡಾ. ಸುಮಂಗಲಾ: ತಪಾಸಣೆ ಅಂತ ಒಂದು ಶಬ್ದದಲ್ಲಿ ಮುಗಿಸಬೇಡ ಶ್ರೀಪಾದ. ಎಲ್ಲ ಕೆಡುವುದು ಅಲ್ಲೇ. ಬಂಧಿತರನ್ನು ಕರೆತಂದಾಗ ಸಿದ್ಧ ನಮೂನೆಯಲ್ಲಿ "ಹೊರಗಾಯ ಇಲ್ಲ, ಸ್ಥಿತಿ ಸಾಧಾರಣ" ಅಂತ ಬರೆದು ಸಹಿ ಹಾಕುವ ಅಭ್ಯಾಸ ಇದೆ, ಬಟ್ಟೆ ಕೂಡ ಬಿಚ್ಚಿಸದೆ. ಅದು ತಪ್ಪು. ಎಂಎಲ್‌ಸಿ (ಪೊಲೀಸ್ ಕೇಸಿನ ಗಾಯ ದಾಖಲಿಸುವ) ರಿಜಿಸ್ಟರಿನಲ್ಲಿ ಪ್ರತಿ ಗಾಯಕ್ಕೂ ಜಾಗ, ಸೆಂಟಿಮೀಟರ್ ಲೆಕ್ಕದಲ್ಲಿ ಉದ್ದ ಅಗಲ, ಆಕಾರ, ಬಣ್ಣ ಬರಬೇಕು. ಬಣ್ಣ ಯಾಕೆಂದರೆ ಬಾಸುಂಡೆ ಮೊದಲು ಕೆಂಪು, ಆಮೇಲೆ ನೀಲಿ, ಹಸಿರು, ಹಳದಿ ಆಗಿ ಸುಮಾರು ಎರಡು ವಾರದಲ್ಲಿ ಮಾಯವಾಗುತ್ತದೆ. ಜಾಮೀನು ಸಿಕ್ಕ ಮೇಲೆ ಹೋಗಿ ಅನ್ನುವವನಿಗೆ ಇದು ಗೊತ್ತಿಲ್ಲ. ಲಾಠಿ ಏಟಾದರೆ ಎರಡು ಸಮಾನಾಂತರ ಗೆರೆ, ನಡುವೆ ಬಿಳಿಚಿದ ಪಟ್ಟಿ. ಬಿದ್ದು ಆದ ಗಾಯ ಹಾಗೆ ಇರುವುದಿಲ್ಲ.

ಡಾ. ಸುಮಂಗಲಾ: ಕೆಲವು ಏಟು ಹೊರಗೆ ಕಾಣುವುದೇ ಇಲ್ಲ. ಅಂಗಾಲಿಗೆ ಹೊಡೆದದ್ದು, ತೊಡೆಯ ಮಾಂಸಕ್ಕೆ ಆಳವಾಗಿ ಬಿದ್ದದ್ದು ಒಂದೆರಡು ದಿನ ಕಳೆದು ಮೇಲೆ ಬರಬಹುದು. ಹಾಗಾಗಿ ಮೊದಲ ತಪಾಸಣೆಯಲ್ಲಿ ಏನೂ ಸಿಗದಿದ್ದರೆ ಎರಡನೆಯದು ಕೇಳಬೇಕು. ಬಂಧನದ ನಿಯಮ ಹಾಕಿಕೊಟ್ಟ ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪಿನಲ್ಲೇ ಪ್ರತಿ 48 ಗಂಟೆಗೆ ತಪಾಸಣೆ ಎಂದಿದೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಕೋರ್ಟ್ ಕೆಲಸ ಆಮೇಲೆ, ಮೊದಲು ಆಸ್ಪತ್ರೆ. ಜಜ್ಜಿದ ಸ್ನಾಯುವಿನಿಂದ ಬಂದದ್ದು ಕಿಡ್ನಿಗೆ ಕೂರುತ್ತದೆ, ಜೀವ ಹೋಗುತ್ತದೆ. ಸಿಪಿಕೆ, ಕ್ರಿಯಾಟಿನಿನ್ ರಕ್ತಪರೀಕ್ಷೆ ಕೂಡಲೇ ಮಾಡಿಸಬೇಕು. ಆ ವರದಿಯೇ ಸಾಕ್ಷಿಯೂ ಆಗುತ್ತದೆ. ಕೆನ್ನೆಗೆ ಕಿವಿಗೆ ಸೇರಿಸಿ ಹೊಡೆದಿದ್ದರೆ ಇಎನ್‌ಟಿ ತೋರಿಸಿ, ಕಿವಿಯ ತಮಟೆ ಹರಿದಿರಬಹುದು. ಕೆಲವು ವಾರದಲ್ಲಿ ಅದು ತಾನಾಗಿ ಕೂಡಿಕೊಂಡರೆ ಹರಿದಿತ್ತು ಅಂತ ಆಮೇಲೆ ತೋರಿಸುವುದು ಕಷ್ಟ.

ಮಂಜುನಾಥ ಪಿಎಸ್‌ಐ (ನಿವೃತ್ತ): ಸುಮಂಗಲಾ, ಬರೆಯೂದು ಸುಲಭ. ಪೊಲೀಸ್ ಪಕ್ಕದಲ್ಲೇ ನಿಂತಿದ್ದಾಗ ಡ್ಯೂಟಿ ಡಾಕ್ಟರು "ಹೇಗಾಯ್ತು" ಅಂತ ಕೇಳೂದೇ ಇಲ್ಲ.

ಡಾ. ಸುಮಂಗಲಾ: ಕೇಳಲೇಬೇಕು ಮಂಜು, ಪೊಲೀಸರನ್ನು ಮಾತು ಕೇಳಿಸದಷ್ಟು ದೂರ ನಿಲ್ಲಿಸಿ ಕೇಳಬೇಕು. ಬಂಧಿತ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯಬೇಕು. ಬಿಎನ್‌ಎಸ್‌ಎಸ್ (ಕ್ರಿಮಿನಲ್ ಪ್ರಕ್ರಿಯೆಯ ಹೊಸ ಸಂಹಿತೆ) 53ನೇ ಕಲಂ ಪ್ರಕಾರ ವರದಿಯ ಪ್ರತಿ ಬಂಧಿತನಿಗೆ ಅಥವಾ ಅವನು ಹೇಳಿದವರಿಗೆ ಕೊಡಬೇಕು. ಹೆಣ್ಣುಮಕ್ಕಳನ್ನು ಮಹಿಳಾ ವೈದ್ಯರು ಅಥವಾ ಅವರ ಉಸ್ತುವಾರಿಯಲ್ಲಿ ಮಾತ್ರ. ಪ್ರತಿ ಕೇಳುವವರೇ ಇಲ್ಲ, ಅದು ನನ್ನ ಸಂಕಟ.

ಮಂಜುನಾಥ ಪಿಎಸ್‌ಐ (ನಿ): ಒಪ್ಪಿದೆ. ಆದರೆ ನೀವೆಲ್ಲ ಅರೆಸ್ಟ್ ತೋರಿಸಿದ ಕೇಸನ್ನೇ ಹೇಳ್ತಿದ್ದೀರಿ. ನಿಜವಾದ ಪೆಟ್ಟು ಬೀಳೂದು ಅರೆಸ್ಟ್ ತೋರಿಸುವ ಮೊದಲು. "ಸುಮ್ನೆ ವಿಚಾರಣೆಗೆ ಕರೆಸಿದ್ದು" ಅಂತ ಎರಡು ದಿನ ಕೂರಿಸಿ, ಮೂರನೇ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದೆವು ಅಂತ ಬರೆಯೂದು. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಾದ 24 ಗಂಟೆಯ ಲೆಕ್ಕ ಆ ಬರೆದ ಹೊತ್ತಿನಿಂದ. ಮನೆಯವರು ಕಾಗದ ಹುಟ್ಟಿಸಬೇಕಾದ್ದು ಆ ಮೊದಲ ರಾತ್ರಿ. 112ಕ್ಕೆ ಫೋನ್ ಮಾಡಿದರೆ ಕರೆ ದಾಖಲಾಗ್ತದೆ. ಎಸ್‌ಪಿ ಕಚೇರಿಗೆ ಇಮೇಲ್, "ಇಂಥವನನ್ನು ಇಷ್ಟು ಗಂಟೆಗೆ ಇಂಥ ಜಾಗದಿಂದ ಕರೆದೊಯ್ದಿದ್ದಾರೆ, ಯಾವ ಕೇಸು ತಿಳಿಸಿಲ್ಲ" ಅಂತ ಮೂರು ಸಾಲು. ಆಮೇಲೆ ಅರೆಸ್ಟ್ ಮೆಮೊದಲ್ಲಿ ಬೇರೆ ಹೊತ್ತು ಬಂದರೆ ಆ ಇಮೇಲ್ ಮಾತಾಡ್ತದೆ.

ಇರ್ಫಾನ್ ಭಟ್ಕಳ: ಮಂಜು ಹೇಳಿದ್ದು ಬಂಗಾರದಂಥ ಮಾತು. ಇನ್ನೊಂದು ಸೇರಿಸುತ್ತೇನೆ. ಹೇಬಿಯಸ್ ಕಾರ್ಪಸ್‌ಗೆ (ಹಿಡಿದವನನ್ನು ಹಾಜರುಪಡಿಸಿ ಎಂಬ ಹೈಕೋರ್ಟ್ ಅರ್ಜಿ) ಧಾರವಾಡಕ್ಕೆ ಓಡುವ ಮೊದಲು ಹತ್ತಿರದಲ್ಲೇ ಒಂದು ಬಾಗಿಲಿದೆ. ಬಿಎನ್‌ಎಸ್‌ಎಸ್ 100: ಅಕ್ರಮವಾಗಿ ಕೂಡಿಹಾಕಿದ್ದಾರೆ ಎಂದು ನಂಬಲು ಕಾರಣ ಇದ್ದರೆ ಶೋಧನಾ ವಾರಂಟ್ ಹೊರಡಿಸಬಹುದು, ವ್ಯಕ್ತಿ ಸಿಕ್ಕರೆ ಕೂಡಲೇ ಹಾಜರುಪಡಿಸಬೇಕು. ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟೂ ಮಾಡಬಹುದು, ಉಪವಿಭಾಗಾಧಿಕಾರಿಯೂ (ಎಸಿ) ಮಾಡಬಹುದು. ಕಾರವಾರ, ಕುಮಟಾ, ಶಿರಸಿ, ಭಟ್ಕಳ ನಾಲ್ಕೂ ಕಡೆ ಎಸಿ ಕಚೇರಿ ಇದೆ. ಹಳೆಯ ಸಿಆರ್‌ಪಿಸಿಯಲ್ಲಿ ಇದು 97 ಆಗಿತ್ತು. ಬಳಸುವವರು ತೀರಾ ಕಡಿಮೆ.

ಭಟ್ ಮಾಸ್ತರ್: ಸರಿ, ಮೊದಲ ಸಾಲು ತಪ್ಪು ಎಂದು ಒಪ್ಪಿದೆ. ಆಯೋಗದ ಮಾತಾದರೂ ಸರಿ ಇದೆಯಲ್ಲ? ಅಲ್ಲಿ ವಕೀಲರು ಬೇಡ, ಶುಲ್ಕ ಇಲ್ಲ, ಕನ್ನಡದಲ್ಲೇ ಬರೆಯಬಹುದು. ಬಡವರಿಗೆ ಅದಕ್ಕಿಂತ ಯಾವ ದಾರಿ?

ಶ್ರೀಪಾದ ವಕೀಲ: ಆಯೋಗಕ್ಕೆ ಹೋಗಲೇಬೇಕು ಸರ್, ಹೋಗುವ ರೀತಿ ತಪ್ಪಿದೆ. ಎರಡಕ್ಕೂ ಒಟ್ಟಿಗೆ ಹಾಕಿದರೆ ಕೆಡುತ್ತದೆ. ರಾಜ್ಯ ಆಯೋಗದ ಮುಂದೆ ಇರುವ ವಿಷಯವನ್ನು ರಾಷ್ಟ್ರೀಯ ಆಯೋಗ ವಿಚಾರಿಸುವಂತಿಲ್ಲ, 1993ರ ಮಾನವ ಹಕ್ಕು ರಕ್ಷಣೆ ಕಾಯ್ದೆಯ 36ನೇ ಕಲಂ. ಅದೇ ಕಲಮಿನಲ್ಲಿ ಒಂದು ವರ್ಷದ ಗಡುವೂ ಇದೆ. ಮತ್ತೆ, ಆಯೋಗ ಮಾಡುವುದು ಶಿಫಾರಸು. ಪರಿಹಾರ ಕೊಡಿ, ಕ್ರಮ ಕೈಗೊಳ್ಳಿ ಎಂದು ಸರ್ಕಾರಕ್ಕೆ ಹೇಳುತ್ತದೆ. ತಾನೇ ಯಾರನ್ನೂ ವಜಾ ಮಾಡುವುದಿಲ್ಲ. 10 ಲಕ್ಷ ಎಂಬ ನಿಗದಿ ಯಾವ ಕಾನೂನಿನಲ್ಲೂ ಇಲ್ಲ. ಸುಪ್ರೀಂ ಕೋರ್ಟಿನ 1993ರ ನೀಲಾಬತಿ ಬೆಹೆರಾ ತೀರ್ಪಿನಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಕೊಡಿಸಿದ್ದು ಒಂದೂವರೆ ಲಕ್ಷ. ಆ ಮೊತ್ತಕ್ಕಿಂತ ಆ ತೀರ್ಪಿನ ತತ್ವ ದೊಡ್ಡದು: ಕಸ್ಟಡಿಯಲ್ಲಿ ಮೂಲಭೂತ ಹಕ್ಕು ಮುರಿದರೆ ಸರ್ಕಾರವೇ ಹೊಣೆ, ರಿಟ್‌ನಲ್ಲೇ ಪರಿಹಾರ ಕೇಳಬಹುದು.

ಇರ್ಫಾನ್ ಭಟ್ಕಳ: ಸಿಸಿಟಿವಿ ಸಾಲೂ ತಪ್ಪು, ಕೇಳಿದ ದಿನವೇ ಕೈಗೆ ಸಿಗುವುದಿಲ್ಲ. ಸುಪ್ರೀಂ ಕೋರ್ಟಿನ 2020ರ ಡಿಸೆಂಬರಿನ ಪರಮವೀರ್ ಸಿಂಗ್ ಸೈನಿ ತೀರ್ಪಿನ ಪ್ರಕಾರ ಲಾಕಪ್, ಕಾರಿಡಾರ್, ಒಳಬಾಗಿಲು ಹೊರಬಾಗಿಲು ಎಲ್ಲ ಕಡೆ ಧ್ವನಿ ಸಹಿತ ಕ್ಯಾಮೆರಾ ಇರಬೇಕು, 18 ತಿಂಗಳು ಉಳಿಯಬೇಕು, ಅಷ್ಟು ಶಕ್ತಿಯ ಉಪಕರಣ ಇಲ್ಲದ ಕಡೆ ಕನಿಷ್ಠ ಒಂದು ವರ್ಷ. ಆದರೆ ಹಾರ್ಡ್ ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ, "ಕೆಟ್ಟಿತ್ತು" ಎಂಬ ಉತ್ತರವೂ ಬರುತ್ತದೆ. ಹಾಗಾಗಿ "ಪ್ರತಿ ಕೊಡಿ" ಅನ್ನುವ ಮೊದಲು "ಅಳಿಸಬೇಡಿ" ಎಂಬ ಪತ್ರ ಹೋಗಬೇಕು, ಎಸ್‌ಪಿಗೆ ಮತ್ತು ಡಿಸಿಗೆ, ತಾರೀಖು ಗಂಟೆ ಸಮೇತ. ಆಮೇಲೆ ಆರ್‌ಟಿಐ: 10 ರೂಪಾಯಿ, ಒಂದೇ ವಿಷಯ, 150 ಶಬ್ದ ಮೀರಬಾರದು, ನಮ್ಮ ರಾಜ್ಯದ ನಿಯಮ. ಕಥೆ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ.

ಮಂಜುನಾಥ ಪಿಎಸ್‌ಐ (ನಿ): ಕ್ರಿಮಿನಲ್ ಕೇಸಿನ ಮಾತಿಗೆ ಬರ್ತೇನೆ. ಶ್ರೀಪಾದ, ಖಾಸಗಿ ದೂರು (ನೇರವಾಗಿ ಕೋರ್ಟಿಗೆ ಕೊಡೂದು) ಹಾಕಿ ಅಂತ ಜನರಿಗೆ ಆಸೆ ಹುಟ್ಟಿಸಬೇಡ. ಸರ್ಕಾರದ ಪೂರ್ವಾನುಮತಿ ಇಲ್ಲದೆ ನಿಲ್ಲೂದಿಲ್ಲ. ಸುಪ್ರೀಂ ಕೋರ್ಟ್ ತೀರ್ಮಾನಿಸಿದ 2020ರ ದೇವರಾಜ ಪ್ರಕರಣ ನಮ್ಮ ಕರ್ನಾಟಕದ್ದೇ.

ಶ್ರೀಪಾದ ವಕೀಲ: ಗೊತ್ತು. ಕರ್ತವ್ಯಕ್ಕೆ ಸಂಬಂಧ ಇದ್ದರೆ ಮಿತಿ ಮೀರಿದ ಕೃತ್ಯಕ್ಕೂ ಅನುಮತಿ ಬೇಕು ಅಂತ ಅದರಲ್ಲಿ ಹೇಳಿದೆ, ಬಿಎನ್‌ಎಸ್‌ಎಸ್ 218ರ ಜೊತೆಗೆ ಕರ್ನಾಟಕ ಪೊಲೀಸ್ ಕಾಯ್ದೆ 170 ಕೂಡ ಅಡ್ಡ ಬರುತ್ತದೆ. ಹಾಗಂತ ಕೂರುವುದಲ್ಲ. ಕ್ರಮ ತಪ್ಪಿದಾಗಲೇ ಹೆಚ್ಚಿನ ದೂರು ಬೀಳುವುದು. ಠಾಣೆಗೆ ದೂರು, ತಗೊಳ್ಳದಿದ್ದರೆ ಎಸ್‌ಪಿಗೆ ರಿಜಿಸ್ಟರ್ ಪೋಸ್ಟ್, ಆಮೇಲೆ ಪ್ರಮಾಣಪತ್ರದೊಂದಿಗೆ ಬಿಎನ್‌ಎಸ್‌ಎಸ್ 175ರ ಅಡಿ ತನಿಖೆಗೆ ಆದೇಶ ಕೇಳಿ ಮ್ಯಾಜಿಸ್ಟ್ರೇಟರಿಗೆ. ನಡುವಿನ ಮೆಟ್ಟಿಲು ಬಿಟ್ಟರೆ ಅಲ್ಲೇ ವಜಾ. ಕಲಂ ಸರಿಯಾಗಿ ಹಾಕಬೇಕು: ತಪ್ಪೊಪ್ಪಿಗೆ ಹೊರಡಿಸಲು ಹೊಡೆದದ್ದು ಬಿಎನ್‌ಎಸ್ (ಅಪರಾಧ, ಶಿಕ್ಷೆಯ ಹೊಸ ಸಂಹಿತೆ) 120, 7 ವರ್ಷದ ತನಕ ಶಿಕ್ಷೆ. ಎಲುಬು ಮುರಿದರೆ, ಅಥವಾ 15 ದಿನ ತೀವ್ರ ನೋವಿನಲ್ಲಿ ನರಳಿದರೆ ಅದು ತೀವ್ರ ಗಾಯ, ಆಗ 10 ವರ್ಷದ ತನಕ. ಬರೀ 115 ಹಾಕಿಕೊಟ್ಟರೆ ಸಾಮಾನ್ಯ ಹೊಡೆದಾಟದ ಕೇಸಾಗಿ ಉಳಿಯುತ್ತದೆ. ಅನುಮತಿಯ ಅರ್ಜಿಯೂ ಜೊತೆಗೇ ಹೋಗಲಿ. 218ರಲ್ಲಿ ಈಗ 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆ.

ಮಂಜುನಾಥ ಪಿಎಸ್‌ಐ (ನಿ): ಆ 120 ದಿನ 218ಕ್ಕೆ ಮಾತ್ರ. 170ರಲ್ಲಿ ಎಲ್ಲಿದೆ?

ಶ್ರೀಪಾದ ವಕೀಲ: ಇಲ್ಲ, ಅಲ್ಲಿ ನಿನ್ನ ಮಾತೇ ಸರಿ. ಅದಕ್ಕೇ ಎರಡೂ ಕಲಂ ಹೆಸರಿಸಿ ಒಂದೇ ಅರ್ಜಿ ಹಾಕಬೇಕು ಅನ್ನುವುದು. ರಿಟ್ ಪರಿಹಾರಕ್ಕೆ ಈ ಅನುಮತಿಯ ಗೋಜಿಲ್ಲ. ಇಲಾಖಾ ಕ್ರಮಕ್ಕೂ ಇಲ್ಲ. ಪೊಲೀಸ್ ದೂರು ಪ್ರಾಧಿಕಾರಕ್ಕೆ ದೂರು ಕೊಡಲೂ ಬೇಕಿಲ್ಲ, ಡಿವೈಎಸ್‌ಪಿ ಮತ್ತು ಕೆಳಗಿನವರ ಮೇಲಿನದು ಜಿಲ್ಲಾ ಮಟ್ಟಕ್ಕೆ, ಮೇಲಿನವರದು ರಾಜ್ಯ ಮಟ್ಟಕ್ಕೆ.

ಭಟ್ ಮಾಸ್ತರ್: ಫಾರ್ವರ್ಡ್ ಅಳಿಸಿದ್ದೇನೆ. ಒಂದು ಪ್ರಶ್ನೆ. ನಮ್ಮ ಕಡೆ ಜನರನ್ನು ಹಿಡಿಯುವುದು ಪೊಲೀಸರು ಮಾತ್ರ ಅಲ್ಲವಲ್ಲ. ಅರಣ್ಯ ಇಲಾಖೆಯವರು ರೇಂಜ್ ಆಫೀಸಿನಲ್ಲಿ ಕೂರಿಸಿದರೆ? ಸಮುದ್ರದಲ್ಲಿ ಕೋಸ್ಟ್ ಗಾರ್ಡ್ ಹಿಡಿದರೆ?

ಶ್ರೀಪಾದ ವಕೀಲ: ಸಂವಿಧಾನದ 22ನೇ ವಿಧಿ ಹಿಡಿದವರ ಸಮವಸ್ತ್ರ ನೋಡುವುದಿಲ್ಲ ಸರ್. ಯಾರೇ ಬಂಧಿಸಲಿ, ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಡಿ.ಕೆ. ಬಸು ತೀರ್ಪು ಕೋಸ್ಟ್ ಗಾರ್ಡ್ ಹೆಸರನ್ನು ಎತ್ತಿ ಹೇಳಿದೆ. ಪೊಲೀಸ್ ದೂರು ಪ್ರಾಧಿಕಾರ ಮಾತ್ರ ಅವರಿಗೆ ಅನ್ವಯಿಸದು. ಅರಣ್ಯದವರ ಮೇಲಾದರೆ ರಾಜ್ಯ ಆಯೋಗ, ಡಿಎಫ್‌ಒಗೆ (ವಿಭಾಗದ ಅರಣ್ಯಾಧಿಕಾರಿಗೆ) ಲಿಖಿತ ದೂರು, ಮತ್ತು ಮೊದಲು ಹೇಳಿದ ಅದೇ ಮ್ಯಾಜಿಸ್ಟ್ರೇಟ್, ಅದೇ ಆಸ್ಪತ್ರೆ.

ಇರ್ಫಾನ್ ಭಟ್ಕಳ: ದೋಣಿಯವರ ವಿಷಯದಲ್ಲಿ ದಡ ಮುಟ್ಟಿದ ಹೊತ್ತನ್ನು ಬಂದರಿನಲ್ಲಿದ್ದ ಯಾರಾದರೂ ಬರೆದಿಡಬೇಕು. ಗಂಟೆಯ ಲೆಕ್ಕಕ್ಕೆ ಆಮೇಲೆ ಜಗಳ ಬರುವುದು ಅಲ್ಲೇ.